ಹದಿನಾಲ್ಕನೇ ಕಾಲಂ

ತೂಕದ ಯಂತ್ರ ಕೆಟ್ಟು ತಿಂಗಳಾಗಿತ್ತು.
ಬೈತಖೋಲ ಬಂದರದಲ್ಲಿ ಬಂಗಡೆ ತೂಗುವ ತಕ್ಕಡಿಯಿಂದ
ಬುಟ್ಟಿ ಇಳಿಸಿ ನಿನ್ನನ್ನು ಕೂರಿಸಿದೆವು.
ಹನ್ನೊಂದು ಕಿಲೋ ಇನ್ನೂರು.
'ಇನ್ನೂರು ಬಿಟ್ಟೆ, ತಕೊಂಡು ಹೋಗಿ' ಎಂದ ತಾಂಡೇಲ.
ನೀನೂ ನಕ್ಕೆ. ಬೆರಳಿಗಂಟಿದ ಮೀನಿನ ಹುರುಪೆಯನ್ನು
ಕಾಜುಬಾಗದವರೆಗೂ ಬಿಸಿಲಿಗೆ ಹಿಡಿದುಕೊಂಡೇ ಬಂದೆ.

ಕಾರ್ಬನ್ ಇಟ್ಟು ಮೂರು ಪ್ರತಿ ಟೈಪು ಮಾಡಿದೆ
ಮೂರು ದೇಶದ ಸಂಸ್ಥೆಗಳಿಗೆ.
ಹೆಸರು: ಕಾಂಚನಾ
(ಅಂಕೋಲೆ ಬಸ್ಸಿನ ಹಿಂದಿನ ಸೀಟಿನಲ್ಲಿ ನೀನು ಸಿಕ್ಕಾಗ
ಕಂಡಕ್ಟರ್ ಇಟ್ಟದ್ದು).
ಹುಟ್ಟಿದ ದಿನ: ಡಾಕ್ಟರು ಹಲ್ಲು ನೋಡಿ ಹೇಳಿದ್ದು.
ಎಡಗಾಲು: ಒಂದೂವರೆ ಇಂಚು ಗಿಡ್ಡ.
ಹುಬ್ಬಳ್ಳಿಯ ದಂಪತಿ, ಆಮೇಲೆ ಪುಣೆಯವರು
ಈ ಸಾಲಿನವರೆಗೆ ಓದಿ, ನಿನಗೊಂದು ಬಾಳೆಹಣ್ಣು ಕೊಟ್ಟು
ಕಾಗದ ಬರೆಯುತ್ತೇವೆ ಎಂದು ಹೋಗಿದ್ದರು.

ಹದಿನಾಲ್ಕನೇ ಕಾಲಂ: ಮಗುವಿನ ಅಭ್ಯಾಸಗಳು.
ಒಂದೂವರೆ ಗೆರೆಯಷ್ಟು ಜಾಗ.
ಬಿದ್ದರೆ ಅಳುವುದಿಲ್ಲ, ಮರಳು ಕೊಡವಿ ಏಳುತ್ತಾಳೆ
ಎಂದು ಬರೆದೆ.
ಅದು ಒಳ್ಳೆಯ ಗುಣವೆಂದೇ ತಿಳಿದಿದ್ದೆ ಆಗ.

ಮೊದಲನೆಯವರದು ನುಣುಪು ಕಾಗದ.
ಹಿಮದಲ್ಲಿ ಕೆಂಪು ಟೊಪ್ಪಿಯ ಮಕ್ಕಳು,
ಒಂದರ ಮೂಗಲ್ಲೂ ಸಿಂಬಳವಿಲ್ಲ.
ಕೆಳಗೆ ಸಣ್ಣಕ್ಷರದಲ್ಲಿ: ನಿಮ್ಮ ಸಂಸ್ಥೆಗೆ ದೇಣಿಗೆ, ಎಷ್ಟೆಂದು ನೀವೇ ಹೇಳಿ.
ಆ ಸಾಲನ್ನು ಅಧ್ಯಕ್ಷರು ಎರಡು ಸಲ ಓದಿಸಿದರು.
ಅಡುಗೆಮನೆಯ ಮಾಡು ಸೋರುತ್ತಿತ್ತು.
ಸುಳ್ಳು ಯಾಕೆ ಹೇಳಲಿ,
ನಾನೂ ಎರಡು ಸಲ ಆಸೆಯಿಂದಲೇ ಓದಿದೆ.

ಎರಡನೆಯವರಿಗೆ ಕಾಲಿನ ಫೋಟೋ ಬೇಕಿತ್ತು
ಹಿಂದಿನಿಂದ, ಮುಂದಿನಿಂದ, ಪಕ್ಕದಿಂದ.
ಸ್ಟುಡಿಯೋದ ಶಾಬುದ್ದೀನ ಮೂರೂ ತೆಗೆದು
ಯಾರೂ ಹೇಳದೆಯೇ ನಿನ್ನ ಮುಖದ್ದೊಂದು ತೆಗೆದ. ಪುಕ್ಕಟೆ.

'ಹುಡುಗಿ ಕೊಡುವಾಗ ನಾವು ವಿಚಾರಿಸ್ತೇವಲ್ಲ ಅಕ್ಕೋರೆ,
ಮನೇಲಿ ಯಾರಾದ್ರೂ ಕುಡೀತಾರಾ, ಯಾರಿಗಾದ್ರೂ ಹುಚ್ಚಿದೆಯಾ ಅಂತ.
ಇವರನ್ನೂ ಕೇಳಿ.'
ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಇನಾಸಬಾಯಿ ಹೇಳಿದ್ದು ಅಷ್ಟೇ.
ಅಂದು ರಾತ್ರಿ ಮೂವರಿಗೂ ಒಂದೇ ಸಾಲು ಟೈಪು ಮಾಡಿದೆ:
ನೀವು ಕರೆದೊಯ್ದ ಮಕ್ಕಳಲ್ಲಿ ಯಾರಿಗೆ ಕೆಟ್ಟದಾಯಿತು?

ಯಾರಿಗೂ ಇಲ್ಲ, ಎಲ್ಲರೂ ಸುಖ, ಎಂದರು ಮೊದಲನೆಯವರು.
ಅದು ಗೌಪ್ಯ, ಎಂದರು ಇನ್ನೊಬ್ಬರು.
ಎರಡು ತಿಂಗಳು ಬಿಟ್ಟು ಬಂತು ಮತ್ತೊಂದು, ತೆಳ್ಳನೆಯ ನೀಲಿ ಹಾಳೆ:

ಒಬ್ಬ ಹುಡುಗ. ಮೊದಲ ಮನೆ ಒಗ್ಗಲಿಲ್ಲ.
ತಪ್ಪು ನಮ್ಮದು, ಅವಸರ ಮಾಡಿದೆವು.
ಈಗ ಹತ್ತೊಂಬತ್ತು ವರ್ಷ, ನಮ್ಮ ಮೇಲೆ ಸಿಟ್ಟು.
ವಿಳಾಸ ಕೊಡಲು ಒಪ್ಪಿದ್ದಾನೆ. ಅವನನ್ನೇ ಕೇಳಿ.

ಅವನಿಗೆ ನಾನು ಬರೆಯಲಿಲ್ಲ. ಏನೆಂದು ಬರೆಯುವುದು?
ಆ ಹಾಳೆಯನ್ನು ಅಧ್ಯಕ್ಷರ ಮೇಜಿನಲ್ಲಿ ಎಲ್ಲಕ್ಕೂ ಮೇಲೆ ಇಟ್ಟೆ.
'ಕೆಡಿಸಿದ್ದೇವೆ ಅನ್ನುವವರ ಕೈಗೇ ಕೊಡೋದಾ?'
ಹೌದು ಸರ್, ಎಂದೆ.
ಮಾಡು ಇನ್ನೆರಡು ಮಳೆಗಾಲ ಸೋರಿತು.

ಕಾಳಿ ಸೇತುವೆ ದಾಟುವಾಗ ನಿನಗೆ ನಿದ್ದೆ.
ಆಚೆ ಸದಾಶಿವಗಡ, ಗೋವೆಯ ಗಡಿ, ವಿಮಾನ.
ನಿನ್ನ ತಟ್ಟೆಗೆ ಬರೆದ ನಂಬರು ತಿಕ್ಕಿದರೂ ಹೋಗಲಿಲ್ಲ.
ಅದರಲ್ಲೇ ಇನ್ನೊಬ್ಬ ಉಂಡ.

ಮೊದಲ ವರ್ಷದ ವರದಿ ಬಂದದ್ದು ಮೇ ತಿಂಗಳಲ್ಲಿ.
ದಪ್ಪ ಅಟ್ಟೆಯ ಬೂಟು, ಹದಿನಾರು ಕಿಲೋ,
ನಾಯಿಯ ಹೆಸರು, ಹಲ್ಲು ಒಂದು ಬಿತ್ತು.
ಕೊನೆಗೆ ಕೈಬರಹದಲ್ಲಿ:
ಸೈಕಲ್ಲಿಂದ ಬಿದ್ದಳು. ಅತ್ತಳು, ಇದೇ ಮೊದಲು.
'ಆಯ್' ಎಂದು ಕೂಗಿದಳು. ಅರ್ಥ ದಯವಿಟ್ಟು ತಿಳಿಸಿ.

ಮುಳ್ಳು ಚುಚ್ಚಿದರೂ ಆಯ್ ಅನ್ನುತ್ತೇವೆ ನಾವು.
ಕೋಡಿಬಾಗದ ಕೊಂಕಣಿಯಲ್ಲಿ ಆಯ್ ಎಂದರೆ ತಾಯಿ.
ಇನ್ನು ಇನಾಸಬಾಯಿಯನ್ನು ನೀವೆಲ್ಲ ಆಯಾ ಎಂದು ಕರೆಯುತ್ತಿದ್ದಿರಿ,
ಓಡುವ ಭರದಲ್ಲಿ ಕೊನೆಯದನ್ನು ನುಂಗಿ.

ಯಂತ್ರಕ್ಕೆ ಹಾಳೆ ಏರಿಸಿ ಸುಮ್ಮನೆ ಕೂತಿದ್ದೆ.
ಹೊರಗೆ ಅವಳು ಗಾದಿ ಬಿಸಿಲಿಗೆ ಹಾಕುತ್ತಿದ್ದಳು.
'ಏನು ಬರೆದಿದ್ದಾರೆ?'
ಬಿದ್ದಳಂತೆ, ಎಂದೆ.
'ಅತ್ತಳಾ?'
ಅತ್ತಳು.
'ದೇವ್ ಬರೆಂ ಕರುಂ' ಎಂದವಳೇ
ಗಾದಿಗೆ ಇನ್ನೆರಡು ಏಟು ಬಿಗಿದಳು.