ಸೌಂಡ್ ಬಿಡ್ಲಾ

ಪಾಂಡವಪುರದ ಟಾಕೀಸಿನಲ್ಲಿ ಶನಿವಾರದ ಮ್ಯಾಟ್ನಿ.
ಒಂಬತ್ತನೇ ಕ್ಲಾಸಿನ ಮೂವತ್ತೊಂದು ಮಕ್ಕಳು,
ಹೆಡ್‌ಮಾಸ್ತರರು ಅರೆಮನಸ್ಸಿನಿಂದ ರುಜು ಹಾಕಿದ ಚೀಟಿ,
ಮತ್ತೆ ವಿಜ್ಞಾನ ಹೇಳುವ ನಾನು,
ತಪ್ಪು ಹಿಡಿಯಲೆಂದೇ ತಂದ ನೋಟ್‌ಬುಕ್ಕಿನೊಂದಿಗೆ.

ನೌಕೆಯೊಂದು ರೆಕ್ಕೆ ಓರೆ ಮಾಡಿ
ಹದ್ದಿನ ಹಾಗೆ ತಿರುಗಿತು.
ಬರೆದುಕೊಂಡೆ: ಒಂದು. ಒರಗಲು ಅಲ್ಲಿ ಗಾಳಿಯಿಲ್ಲ.
ಬೆಂಕಿ ಉಂಡೆಯುಂಡೆಯಾಗಿ ಎದ್ದು
ಕಬ್ಬಿನ ತರಗು ಸುಟ್ಟಂತೆ ಹೊಗೆ ಸುತ್ತಿತು.
ಎರಡು. ಮೂರು ಬರೆಯುವ ಮೊದಲೇ
ಢಂ!
ಸೀಟಿನ ಕಬ್ಬಿಣ ನಡುಗಿ ನನ್ನ ಪೆನ್ನು
ಯಾರದೋ ಕಾಲಡಿಯ ಕಡ್ಲೆಕಾಯಿ ಸಿಪ್ಪೆಗೆ ಉರುಳಿತು.

ನಮ್ಮ ಶಾಲೆಯಲ್ಲೊಂದು ಗಾಜಿನ ಜಾಡಿಯಿದೆ.
ಒಳಗೆ ಕರೆಂಟಿನ ಗಂಟೆ, ಕೆಳಗೆ ಗಾಳಿ ಎಳೆಯುವ ಪಂಪು.
ಗಾಳಿ ಹೋದ ಮೇಲೂ ಸುತ್ತಿಗೆ ಬಡಿಯುತ್ತಿರಬೇಕು,
ಸದ್ದು ಮಾತ್ರ ಸಾಯಬೇಕು.
ನಾನು ಬಂದು ಹನ್ನೊಂದು ವರ್ಷ.
ಪಂಪಿನ ಚರ್ಮದ ವಾಷರು ಅದಕ್ಕೂ ಮೊದಲೇ ಹರಿದಿತ್ತು.
ಪ್ರತಿ ವರ್ಷ ಹೇಳುತ್ತೇನೆ:
"ಈಗ ಕೇಳಿಸ್ತಾ ಇಲ್ಲ ಅಂದ್ಕೊಳ್ಳಿ."
ಗಂಟೆ ಟ್ರಿಣ್ಣೆನ್ನುತ್ತದೆ.
ಮಕ್ಕಳು ತಲೆ ತಗ್ಗಿಸಿ, ಕೇಳಿಸಲಿಲ್ಲ ಎಂದು ಬರೆಯುತ್ತಾರೆ.
ನಾನು ಸರಿ ಹಾಕುತ್ತೇನೆ.

ಇಂಟರ್‌ವಲ್ ಮುಗಿದು ಹತ್ತು ನಿಮಿಷವಾಗಿರಬೇಕು,
ಮೇಲೆಲ್ಲೋ ಪಟ್ಟೆಂದಿತು. ಸ್ಪೀಕರು ಸತ್ತವು.
ಚಿತ್ರ ನಿಲ್ಲಲಿಲ್ಲ.

ಗ್ರಹವೊಂದು ಎರಡು ಹೋಳಾಯಿತು,
ದಾಳಿಂಬೆ ಬಿಡಿಸಿದಷ್ಟು ನಿಧಾನವಾಗಿ.
ಕೆಂಪು ಕಾಳುಗಳು ಕತ್ತಲಿಗೆ ಚೆಲ್ಲಿದವು.
ಎಲ್ಲೂ ಸದ್ದಿಲ್ಲ.
"ಏಯ್ ಆಪರೇಟ್ರು, ಸೌಂಡ್ ಬಿಡ್ಲಾ!"
"ಕಾಸ್ ಕೊಟ್ಟಿಲ್ವೇನ್ಲಾ ನಾವು? ಅರ್ಧ ಪಿಚ್ಚರ್ ತೋರುಸ್ತೀಯ?"
ಸಿಳ್ಳೆ. ಸೀಟಿಗೆ ಚಪ್ಪಲಿ ಬಡಿತ.
ಪಕ್ಕದಲ್ಲಿ ಪೂರ್ವಿಕ ಮೊಣಕೈ ತಾಕಿಸಿ ಪಿಸುಗುಟ್ಟಿದಳು:
"ಮಿಸ್, ಈಗ್ಲೇ ಅಲ್ವಾ ಪಿಚ್ಚರ್ ಸರಿಯಾಗಿರೋದು?"

ಸರಿಯಾಗಿತ್ತು.
ನಾನು ತೋರಿಸಲಾಗದೆ ಸುಳ್ಳು ಬರೆಸಿದ ಮೌನವನ್ನು
ಸುಟ್ಟ ಫ್ಯೂಸೊಂದು ಪುಕ್ಕಟೆ ತೋರಿಸಿತ್ತು.
ಹೆಲ್ಮೆಟ್ಟಿನೊಳಗೆ ಆ ಹುಡುಗಿ ಬಾಯ್ತೆರೆದು ಕೂಗುತ್ತಿದ್ದಳು.
ಮೂರು ಮಾರು ದೂರದಲ್ಲಿ ಅವಳ ಜೊತೆಗಾರ
ಬೆನ್ನು ತಿರುಗಿಸಿಕೊಂಡು ತಿರುಪು ಬಿಗಿಯುತ್ತಿದ್ದ.
ಡೊಳ್ಳು, ಪೀಟೀಲು, ಸಿಡಿಲು ಎಲ್ಲ ಇದ್ದಾಗ
ಅವಳು ಸಾಯುವುದಿಲ್ಲವೆಂದು ನನಗೆ ಗೊತ್ತಿತ್ತು.
ಈಗ ಗೊತ್ತಿರಲಿಲ್ಲ.

ಸೌಂಡ್ ಬಿಡ್ಲಾ ಎಂದು ಕಿರುಚಿದ್ದ ಅದೇ ದನಿ
ಮುಂದಿನ ಸಾಲಿಂದ, ಗುಡಿಯೊಳಗೆ ಮಾತಾಡಿದಷ್ಟು ಮೆತ್ತಗೆ:
"ಹಿಂದಕ್ ತಿರುಗ್ಲಾ... ಒಂದ್ಸಲ ತಿರುಗ್ ನೋಡ್ಲಾ..."
ಆಮೇಲೆ ಯಾರೂ ಸಿಳ್ಳೆ ಹಾಕಲಿಲ್ಲ.
ಮಕ್ಕಳ ಉಸಿರು ಕೇಳಿಸುತ್ತಿತ್ತು,
ಮತ್ತೆ ಫ್ಯಾನಿನ ಕಿರಿಕ್ಕು.

ಎಷ್ಟು ಹೊತ್ತೋ. ನಾಲ್ಕು ನಿಮಿಷ ಅಂದಳು ಪೂರ್ವಿಕ.
ಸದ್ದು ಮರಳಿ ಬಂತು, ನಡುದಾರಿಯಿಂದ, ಸಿಡಿಯುತ್ತಲೇ.
ಟಾಕೀಸು ಎದ್ದು ಕೇಕೆ ಹಾಕಿತು.
ಯಾಕೆ ಮುಚ್ಚಿಡಲಿ, ನಾನೂ ಚಪ್ಪಾಳೆ ತಟ್ಟಿದೆ.
ಎದೆಗೂಡಿಗೆ ಆ ಢಂ ಬೇಕಾಗಿತ್ತು.
ನೋಟ್‌ಬುಕ್ಕಿನಲ್ಲಿ ಎರಡೇ ತಪ್ಪು ಉಳಿದವು.

ಸೋಮವಾರ ಚಲುವಯ್ಯನ ಸೈಕಲ್ ಶಾಪಿನಲ್ಲಿ
ಪಂಪಿನ ವಾಷರು ಕೊಂಡೆ, ಇಪ್ಪತ್ತು ರೂಪಾಯಿ.
ಅಂಚು ಕತ್ತರಿಸಿ, ಹರಳೆಣ್ಣೆ ಸವರಿ ಕೂರಿಸಿದೆ.
ಗಂಟೆಯ ಸದ್ದು ಸೊಳ್ಳೆಯಷ್ಟಾಯಿತು,
ಆಮೇಲೆ ಸೊಳ್ಳೆಯ ನೆನಪಿನಷ್ಟು.
ಗಾಜಿನೊಳಗೆ ಸುತ್ತಿಗೆ ಬಡಿಯುತ್ತಲೇ ಇತ್ತು.
ಮೂವತ್ತೊಂದು ಕತ್ತುಗಳು ಮುಂದಕ್ಕೆ ಚಾಚಿದವು.

ಆಗ ಹಿಂದಿನ ಬೆಂಚಿನಿಂದ,
ಸುತ್ತಿಗೆಯ ಒಂದೊಂದು ಪೆಟ್ಟಿಗೂ ತಪ್ಪದೆ,
ಯಾರೋ ತುಟಿಯಂಚಿನಲ್ಲಿ: ಟ್ರಿಣ್, ಟ್ರಿಣ್.

ಯಾರೆಂದು ನಾನು ಕೇಳಲಿಲ್ಲ.