ಒಂದು ಹೂಂ

ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ಆ ವರ್ಷ
ಮಗ್ಗಗಳು ಒಂದೊಂದಾಗಿ ಮುನಿಸಿಕೊಂಡವು.
ಹಾಸಿನ ಎಳೆ ಹರಿಯಿತು, ಕಟ್ಟಿದರೆ ಮತ್ತೆ ಹರಿಯಿತು.
ಸೂರಯ್ಯನ ಕೆಂಪು ಬಣ್ಣ ಹಂಡೆಯಲ್ಲೇ ಕೆಸರಾಯಿತು.
ರೇಷ್ಮೆ ಸಾಲದಲ್ಲಿ ಬಂದದ್ದು, ಹಳೆಯದು, ತೇವಕ್ಕೆ ಮುಗ್ಗಿದ್ದು
ಎಂದು ಯಾರೂ ಹೇಳಲಿಲ್ಲ.
ಕೊಟ್ಟ ಸಾಹುಕಾರನ ಹೆಸರು ಎತ್ತುವವರು ಯಾರು?

ನನಗೆ ಒಂಬತ್ತು. ಕಂಡಿಕೆ ಸುತ್ತುವುದು ನನ್ನ ಕೆಲಸ.
ನುಂಕಮ್ಮನ ಹಿತ್ತಲ ಮರದಿಂದ ಕದ್ದ ಎಳೆ ಹುಣಸೆಕಾಯಿ
ಉಪ್ಪು ಹಚ್ಚಿ ತಿಂದು, ರಾತ್ರಿಯೆಲ್ಲ ವಾಂತಿ ಮಾಡಿ,
ಬೆಳಗ್ಗೆ ಅಪ್ಪನ ಮಗ್ಗದ ಗುಂಡಿಯ ಅಂಚಿಗೆ ಮಲಗಿದ್ದೆ.
ವಾಂತಿಯಲ್ಲಿ ಕೂದಲು ಕಂಡಿತು ಅಂದಳು ದೊಡ್ಡಮ್ಮ.
ಕೂದಲು ನನ್ನದೇ. ಜಡೆಯ ತುದಿ ಕಚ್ಚುವ ಚಾಳಿ ನನಗೆ.

ಗೊಂಚಿಕಾರ ಬಂದು ಕಟ್ಟೆಯ ಮೇಲೆ ಕೂತ.
ಬಿಳಿ ಪಂಚೆ, ಕೈಯಲ್ಲಿ ಅಡಕತ್ತರಿ,
ಮಾತು ಮಾತ್ರ ಬಲು ಮೆತ್ತಗೆ:
"ನುಂಕಮ್ಮನೇ ಅಲ್ವೇನೆ ಮಗಾ, ನಿಂಗೆ ತಿನ್ನಾಕೆ ಕೊಟ್ಟಿದ್ದು?"

ಪ್ರಶ್ನೆಯ ಹೊಟ್ಟೆಯಲ್ಲೇ ಉತ್ತರ ಇತ್ತು,
ದಿನ ತುಂಬಿದ್ದು.
ನಾನು ಸೂಲಗಿತ್ತಿ, ಅಷ್ಟೆ.
ಕದ್ದೆ ಅಂದರೆ ಅಪ್ಪ ಲಾಳಿಯಲ್ಲಿ ಬಾರಿಸುತ್ತಿದ್ದ.
ಹೂಂ ಅಂದೆ.

ಅವಳ ಮನೆ ಜಾಲಾಡಿದರು.
ಒಣಗಿದ ನಿಂಬೆಹಣ್ಣು, ತುಕ್ಕು ಹಿಡಿದ ಸೂಜಿ ಮೂರು,
ಗಂಟುಗಂಟು ದಾರದ ಒಂದು ಉಂಡೆ,
ಸತ್ತ ಮಗುವಿನ ಉಡಿದಾರ.
ಗೋಣಿಚೀಲದ ಮೇಲೆ ಹರಡಿಟ್ಟರು.
ಹೆಂಗಸರು ಸೆರಗು ಬಾಯಿಗೆ ಒತ್ತಿ ನೋಡಿದರು.
ಆ ರಾತ್ರಿ ಬೀದಿಯ ಪ್ರತಿ ಮನೆಯಲ್ಲೂ
ಒಣಗಿದ ನಿಂಬೆ, ದಾರ, ಸೂಜಿ
ಸದ್ದಿಲ್ಲದೆ ಒಲೆ ಸೇರಿದವು.
ಅಮ್ಮನದು ನಾನು ಕಂಡೆ.
ಸೂಜಿ ಉರಿಯದೆ ಬೆಳಗ್ಗೆ ಬೂದಿಯಲ್ಲಿ ಸಿಕ್ಕಿತು.

ಅವಳನ್ನೂ ಕೇಳಿದರು.
"ಕದ್ದಿದ್ದು ಹುಡುಗಿ, ನಾನೇ ನೋಡೀನಿ" ಅಂದಿದ್ದರೆ ತೀರುತ್ತಿತ್ತು.
ಅವಳು ನನ್ನ ಕಡೆ ನೋಡಿದಳು,
ಆಮೇಲೆ ಅಪ್ಪನ ಕೈ ಕಡೆ.
"ಕೂಸು, ಕೊಟ್ರೆ ತಿಂತದೆ. ಕೊಟ್ಟಿರಬೌದು" ಅಂದಳು.
ಕಟ್ಟೆಗೆ ಅಷ್ಟು ಸಾಕಾಯಿತು.

ಮಂತ್ರ ಹಲ್ಲಲ್ಲಿ ಇರ್ತದೆ ಅಂದರು. ಮುಂದಿನ ನಾಲ್ಕು.
ಇಕ್ಕಳ ನಮ್ಮನೆಯದು, ಮಗ್ಗದ ಮೊಳೆ ಕೀಳುವುದು.
ಓಡಿ ಹೋಗಿ ತಂದುಕೊಟ್ಟವಳು ನಾನು,
ಹೇಳಿದ ಕೆಲಸ ಬೇಗ ಮಾಡುವ ಹುಡುಗಿ.

ಅವಳ ಜಗಲಿ ಒಡೆದರು, ಬೀದಿ ಅಗಲವಾಯಿತು.
ಹಾಸು ಚಾಚಲು ಜಾಗ ಸಾಲದೆಂದು ಗೊಂಚಿಕಾರನ ತಮ್ಮ
ಮೂರು ವರ್ಷದಿಂದ ಗೊಣಗುತ್ತಿದ್ದ.
ಎಳೆ ಆಮೇಲೂ ಹರಿಯಿತು,
ಹೊಸ ರೇಷ್ಮೆ ಬರುವವರೆಗೆ.

ಹನ್ನೊಂದು ವರ್ಷ ಬದುಕಿದಳು, ಅದೇ ಬೀದಿಯಲ್ಲಿ, ಗಂಜಿ ಕುಡಿದು.
ತಿಪ್ಪಕ್ಕ ಅನ್ನಲು ಬಾರದೆ ಹಿಪ್ಪಕ್ಕ ಎಂದು ಕರೆಯುತ್ತಿದ್ದಳು,
ಹುಣಸೆಮರದ ಕೆಳಗಿಂದ, ಕೈ ಬೀಸಿ.
ಶಾಪ ಹಾಕಲಿಲ್ಲ.
ನಾನು ಕಾದೆ.
ಜ್ವರ ಬಂದಾಗ, ಮೊದಲ ಬಸಿರು ಇಳಿದು ಹೋದಾಗ,
ನುಂಕೇಮಲೆ ಸಿದ್ದಪ್ಪಾ, ಇದು ಅವಳದೇ ಆಗಿರಲಿ ಎಂದು ಬೇಡಿದೆ.
ಅಲ್ಲ.
ಆಣೆ ಇಟ್ಟು ಹೇಳುತ್ತೇನೆ, ಯಾವುದೂ ಅವಳದಲ್ಲ.
ಈ ಸಾಕ್ಷಿ ಕೇಳಲು ಕಟ್ಟೆಯ ಮೇಲೆ ಈಗ ಯಾರೂ ಕೂರುವುದಿಲ್ಲ,
ಬೈಕು ನಿಲ್ಲಿಸುತ್ತಾರೆ.

ನಿನ್ನೆ ಪಕ್ಕದ ಮಗ್ಗದಲ್ಲಿ ಎಳೆ ಹರಿಯಿತು.
"ಯಾರ್ದೋ ಕಣ್ಣು ಬಿದ್ದದೆ, ಅಲ್ವೇನಜ್ಜಿ?" ಅಂದಳು
ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ.
ನಾನು ಏನೂ ಅನ್ನಲಿಲ್ಲ.
ಎರಡು ತುದಿ ಹುಡುಕಿ, ಗಂಟು ಹಾಕಿ,
ಮಿಕ್ಕ ದಾರವನ್ನು ಬಾಯಿಗೆ ತಂದು
ಮುಂದಿನ ಹಲ್ಲಲ್ಲಿ
ಕಚ್ಚಿ ಹರಿದೆ.