ತಳದ ಸಾಲಿನ ನಡುವಿನ ಡಬ್ಬಿ

ಗುರುವಾರ

ಆ ಕತ್ತರಿ ಇತ್ತ ಕೊಡಿ, ಜುರೇಮಾ ಮೇಡಂ.
ನಿಮ್ಮ ಬಳೆ ಸೀಸೆಯ ಕತ್ತಿಗೆ ತೀರ ಬಿಗಿ.
ಇಷ್ಟೇ ಬಿಗಿ ಮಾಡುತ್ತಿದ್ದವನು ನಾನು, ಹೊಟ್ಟೆಪಾಡಿಗೆ,
ಮೂವತ್ತೊಂದು ವರ್ಷ, ಲಾರಿಯ ಹಿಂದೆ ಲಾರಿ,
ಮಿನಾಸ್ ಸೀಮೆಯ ಊರೂರಿಗೂ ದೀಪ ಕಟ್ಟುತ್ತ
ತಿರುಗುವ ಪಾರ್ಕಿನಲ್ಲಿ.
ಮೇಲಿಂದ ನೆಟ್ಟಗೆ ಇಳಿಸಿದರೆ ಕೂರುತ್ತದೆ.
ಹಾಗೇ ಇಳಿಸಿ ತೋರಿಸುತ್ತಿದ್ದೆ: ನೋಡಿ, ಎಷ್ಟು ಸುಲಭ!
ಎಸೆದರೆ ಜನ್ಮದಲ್ಲಿ ಕೂರುವುದಿಲ್ಲ.

ಮಕ್ಕಳಿಗೆ ಎರಡು ಬೆರಳು ಸಡಿಲ ಬಿಡಿ.
ನೀರಿನ ಪೈಪು ಕತ್ತರಿಸಿ, ಬಾಯಿಗೆ ಬಾಯಿ ಕೂಡಿಸಿ,
ಮೇಲೆ ಹಗ್ಗ ಸುತ್ತಿ.
ಹಗ್ಗ ಪುಟಿಯುವುದಿಲ್ಲ.

ಫ್ರಿಜ್ಜಿನ ರಟ್ಟಿನ ಮೇಲೆ ನಿಮ್ಮ ಮೂರನೇ ಕ್ಲಾಸು ಬರೆದ
ಕೋಡಂಗಿ ಚೆನ್ನಾಗಿದ್ದಾನೆ.
ಒಂದು ಕಿವಿ ದೊಡ್ಡದು, ಇರಲಿ.
ಬಾಯಿ ಮಾತ್ರ ಸಾಲದು, ಇನ್ನೂ ಕೊಯ್ಯಿರಿ,
ಹಸಿದವನ ಬಾಯಿ ಇರಲಿ, ಲೆಕ್ಕದವನ ಬಾಯಿ ಬೇಡ.
ಚೆಂಡಿಗೆ ಕಾಲುಚೀಲ, ಒಳಗೆ ಚಿಂದಿ.
ಜೋಡಿ ತಪ್ಪಿದವಕ್ಕೆ ಕೊನೆಗೂ ಒಂದು ಕೆಲಸ.

ಮೀನಿಗೆ ಹಾಲಿನ ಪೆಟ್ಟಿಗೆ, ಮೂಗಿಗೆ ತಂತಿಯ ಕುಣಿಕೆ.
ಬಡಗಿ ಓಸಿಯಾಸ್ ಕೊಟ್ಟ ಮರದ ಹೊಟ್ಟಿನಲ್ಲಿ
ಕುಣಿಕೆ ಹೊರಗೆ ಕಾಣುವಂತೆ ಹೂಳಿ.
ನಾನಾಗ ಎಲ್ಲ ಮೀನಿನ ಹೊಟ್ಟೆಗೂ
ಒಂದೇ ನಂಬರು ಬರೆಯುತ್ತಿದ್ದೆ. ಆ ನಂಬರಿಗೆ ಒಂದು ಬಾಚಣಿಗೆ.
ದೊಡ್ಡ ಕರಡಿಗೊಂಬೆಗೆ ಮೀನೇ ಇರಲಿಲ್ಲ.
ಹನ್ನೊಂದು ವರ್ಷ ಅದೇ ಕರಡಿ ನೇತಾಡಿತು,
ನೆನೆಯಿತು, ಒಣಗಿತು, ಒಂದು ಕಣ್ಣು ಕಳಕೊಂಡಿತು.
ನಾವದಕ್ಕೊಂದು ಹೆಸರಿಟ್ಟಿದ್ದೆವು.
ನಿಮ್ಮೆದುರು ಹೇಳುವಂಥದ್ದಲ್ಲ.

ಡಬ್ಬಿಗಳನ್ನು ನನಗೆ ಬಿಡಿ.
ಮನೆಯಲ್ಲಿ ಬಣ್ಣ ಬಳಿದು ತರುತ್ತೇನೆ.

ಭಾನುವಾರ

ನಿನ್ನೆ ಸಂಜೆ ನೀವು ಬೆಂಕಿಯ ಹತ್ತಿರ
ಜೋಳ ಹಂಚುತ್ತಿದ್ದಿರಿ, ನೋಡಿರಲಿಕ್ಕಿಲ್ಲ.
ಜೂನಿನ ಚಳಿ, ಕಾಗದದ ತೋರಣ ಪಟಪಟ.
ಆ ರುವಾನ್ ಬಂದ, ಮುಂದಿನ ಹಲ್ಲು ಬಿದ್ದವನು,
ಇದ್ದಿಲಿನಲ್ಲಿ ಮೀಸೆ ಬರೆಸಿಕೊಂಡು.
ಮೂರು, ಎರಡು, ಒಂದು: ಗೋಪುರ ನಿಲ್ಲಿಸಿದೆ.
ಐದು ಡಬ್ಬಿ ಮಲಗಿದವು.
ತಳದ ಸಾಲಿನ ನಡುವಿನದು ಮಲಗಲಿಲ್ಲ.
ಮತ್ತೆ ಎಸೆದ. ತಗುಲಿತು.
ಟಣ್ ಅನ್ನಲಿಲ್ಲ, ಧಪ್ ಅಂದಿತು.

ಆ ಸದ್ದು ನನಗೆ ಗೊತ್ತು.
ಹಾಕಿದವನು ನಾನೇ. ಯಾವಾಗ ಅಂತ,
ನನ್ನಾಣೆ, ನೆನಪಿಲ್ಲ.
ರಾತ್ರಿ ರೇಡಿಯೋ ಕೇಳುತ್ತ ಕೂತಿದ್ದೆ,
ಪಕ್ಕದಲ್ಲಿ ಮಗನ ಗಾರೆ ಕೆಲಸದ ಮರಳು.
ಕಂಪನಿ ಬಿಟ್ಟು ಒಂಬತ್ತು ವರ್ಷ ಆಯಿತೆಂದು
ಈ ಕೈಗೆ ಯಾರು ಹೇಳಬೇಕು?

ಹುಡುಗ ಅಳಲಿಲ್ಲ. ಹಲಗೆಯ ಕೆಳಗೆ ನುಸುಳಿ ಬಂದ,
ಡಬ್ಬಿ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದ.
ಶರ್, ಶರ್.
ನನ್ನ ಮುಖ ನೋಡಿದ.
ಹಳೆಯ ಮಾತೆಲ್ಲ ನಾಲಿಗೆಯ ಮೇಲೆ ಕ್ಯೂ ನಿಂತವು:
ಗಾಳಿ ಬಂತು, ನೆಲ ಓರೆ,
ಇನ್ನೊಂದು ಚೀಟಿ ತಗೋ ಮರಿ, ಈ ಸಲ ಖಂಡಿತ.
"ಮರಳು," ಅಂದೆ. "ನಾನೇ ಹಾಕಿದ್ದು."
"ಯಾಕೆ?"
ಹಿಂದೆ ಸಾಲಿನಲ್ಲಿದ್ದವರು ಕೂಗುತ್ತಿದ್ದರು.
"ಇದು ನನಗೆ ಕೊಡ್ತೀರಾ?"

ಬುಟ್ಟಿಯಲ್ಲಿ ಬುಗುರಿ ಇತ್ತು, ಸೀಟಿ ಇತ್ತು,
ಸೋಪಿನ ಗುಳ್ಳೆಯ ಕೊಳವೆ ಇತ್ತು.
ಅವನಿಗೆ ಡಬ್ಬಿಯೇ ಬೇಕು.

ಆಮೇಲೆ ಅಕಾರ್ಡಿಯನ್ ಎದ್ದಿತಲ್ಲ,
ಕುಣಿತದ ಸಾಲಿನ ಕೊನೆಯಲ್ಲಿ, ತಾಳಕ್ಕಿಂತ ತುಸು ಹಿಂದೆ,
ಅದೇನು ಶರ್ ಶರ್ ಅಂತ ನೀವು ಕೇಳಿದಿರಿ.
ಅದು ಅದೇ.

ನಾನು ಐದರಲ್ಲೇ ನಡೆಸಿದೆ.
ತಳಕ್ಕೆ ಎರಡೇ ಆದ ಮೇಲೆ ಗೋಪುರಕ್ಕೆ ನಿಲುವಿಲ್ಲ,
ಎಷ್ಟೋ ಸಲ ಯಾರೂ ಎಸೆಯುವ ಮೊದಲೇ ಬಿತ್ತು.
ಅದಕ್ಕೂ ಬಹುಮಾನ ಕೊಟ್ಟೆ.
ಎಂಟು ಗಂಟೆಗೆ ಬುಟ್ಟಿ ಖಾಲಿ.
ಲೆಕ್ಕ ಕೇಳಬೇಡಿ, ಮೇಡಂ.